ಮುಂದಿನ ಸೀಟು

ಸರ್ವೇಯರರ ವರದಿಯ ಕೊನೆಯ ಸಾಲಿನಲ್ಲಿ ‘ಟೋಟಲ್ ಲಾಸ್’ ಎಂದಿತ್ತು. ಕನ್ನಡದಲ್ಲಿ ಹೇಳಿಕೊಂಡರೆ ಸಂಪೂರ್ಣ ನಷ್ಟ. ಹದಿನಾಲ್ಕು ವರ್ಷ ಮನೆಯವರಲ್ಲೊಬ್ಬರಂತೆ ಬಾಳಿದ ಕಾರಿಗೆ ಇಷ್ಟು ಚಿಕ್ಕ ಚರಮವಾಕ್ಯವೇ ಎಂದು ಆ ಕಾಗದವನ್ನು ನಾವಿಬ್ಬರೂ ಎರಡೆರಡು ಸಲ ಓದಿದೆವು. ಎಷ್ಟು ಸಲ ಓದಿದರೂ ಅರ್ಥ ಅದೇ ಇತ್ತು.

ನಡೆದದ್ದು 2024ರ ಜೂನ್ ತಿಂಗಳ ಒಂದು ಸಂಜೆ. ಉಪ್ಪಲ್ ರಿಂಗ್ ರೋಡಿನ ಕೂಡುರಸ್ತೆಯನ್ನು ದಾಟಿ ವರಂಗಲ್ ಹೆದ್ದಾರಿಯಲ್ಲಿ ಮನೆಯ ಕಡೆಗೆ ಹೊರಟಿದ್ದೆವು. ಉಪ್ಪಲ್‌ನಿಂದ ನಾರಪಲ್ಲಿಯವರೆಗಿನ ಮೇಲುರಸ್ತೆಯ ಕೆಲಸ 2018ರಲ್ಲಿ ಆರಂಭವಾಗಿ, ವರ್ಷಗಟ್ಟಲೆ ಕುಂಟುತ್ತ ಸಾಗಿತ್ತು. ತಲೆಯ ಮೇಲೆ ಏನನ್ನೂ ಹೊರದ ಕಂಬಗಳ ನಡುವೆ, ಗುಂಡಿಗಳನ್ನು ಬಳಸಿಕೊಂಡು ಓಡಾಡುವುದು ಈ ಭಾಗದ ನಮಗೆಲ್ಲ ರೂಢಿಯಾಗಿತ್ತು. ಅಂದು ಮೊದಲ ಮಳೆ ಬಿದ್ದಿತ್ತು. ಮುಂದಿನ ವಾಹನಗಳು ನಿಂತವು, ನಾವೂ ನಿಂತೆವು. ಹಿಂದೆ ಬರುತ್ತಿದ್ದ ಜಲ್ಲಿಯ ಟಿಪ್ಪರು ಮಾತ್ರ ನಿಲ್ಲಲಿಲ್ಲ. ಒಂದು ದೊಡ್ಡ ಸದ್ದು, ಆಮೇಲೆ ಕಂಬದ ಸುತ್ತ ಇಟ್ಟಿದ್ದ ಕಾಂಕ್ರೀಟ್ ತಡೆಗೋಡೆ ಗಾಜಿಗೇ ಬಂದು ತಾಗಿದಂತಾಯಿತು. ಟಿಪ್ಪರಿನ ಹುಡುಗ ಇಳಿದು ಬಂದು ನಮಗಿಂತ ಹೆಚ್ಚು ನಡುಗುತ್ತ ನಿಂತಿದ್ದ. ಬೆಲ್ಟ್ ಹಾಕಿಕೊಂಡಿದ್ದರಿಂದ ಒಬ್ಬರಿಗೆ ವಾರದ ಮಟ್ಟಿಗೆ ಕತ್ತುನೋವು, ಇನ್ನೊಬ್ಬರಿಗೆ ಭುಜದ ಮೇಲೊಂದು ನೀಲಿಗೆರೆ, ಅಷ್ಟರಲ್ಲೇ ಮುಗಿಯಿತು.

ಇಳಿದು ಹಿಂತಿರುಗಿ ನೋಡಿದಾಗ ಮಾತ್ರ ಇಬ್ಬರಿಗೂ ಬಾಯಿ ಬರಲಿಲ್ಲ. ಹಿಂದಿನ ಸೀಟು ಎಂಬುದು ಉಳಿದಿರಲಿಲ್ಲ. ಡಿಕ್ಕಿಯ ಬಾಗಿಲು ಮುಂದಿನ ಸೀಟಿನ ಬೆನ್ನಿಗೆ ಒಂದು ಗೇಣಿನಷ್ಟು ದೂರದಲ್ಲಿ ಬಂದು ನಿಂತಿತ್ತು. ಅದು ಅವ್ವನ ಜಾಗ. ಮೂರು ತಿಂಗಳಿಗೊಮ್ಮೆ ಹೈದರಾಬಾದಿನ ವೈದ್ಯರಿಗೆ ತೋರಿಸಲು ಅವ್ವನನ್ನು ಬೀದರಿನಿಂದ ಕರೆತರುವುದು, ವಾರವಿದ್ದು ಮತ್ತೆ ಬಿಟ್ಟುಬರುವುದು ನಮ್ಮ ವರ್ಷಗಳ ಕ್ರಮ. ಹಾಗೆ ಬಿಟ್ಟುಬಂದು ಆಗ ಇನ್ನೂ ಹತ್ತು ದಿನವಾಗಿತ್ತು.

ಅವ್ವ ನಮ್ಮಿಬ್ಬರಲ್ಲಿ ಒಬ್ಬರ ತಾಯಿ, ಮತ್ತೊಬ್ಬರ ಅತ್ತೆ. ಇಬ್ಬರೂ ಕರೆಯುವುದು ಅವ್ವ ಎಂದೇ. ಆ ರಾತ್ರಿ ಫೋನು ಮಾಡಿ, ಆದಷ್ಟನ್ನೂ ಸಣ್ಣದು ಮಾಡಿ ಹೇಳಿದೆವು. “ನಿಮಗೇನ್ ಆಗಿಲ್ಲಲ್ಲ? ಕಾರಂದ್ರ ತಗಡು. ತಗಡು ಹೋದ್ರ ಹೋಗ್ಲಿ,” ಎಂದರು. ಹಿಂದಿನ ಸೀಟಿನ ಸಂಗತಿಯನ್ನು ನಾವು ಹೇಳಲಿಲ್ಲ.

*

ತಗಡು ಎಂದು ಅವ್ವ ಅಂದರೂ ಅದು ಅಪ್ಪನ ಕಾರು. ಅಪ್ಪ ನಿವೃತ್ತರಾದ ಮೇಲೆ, 2010ರಲ್ಲಿ, ಬೀದರಿನಲ್ಲಿ ಕೊಂಡ ನೀಲಿ ವ್ಯಾಗನ್ ಆರ್. ಅದಕ್ಕೂ ಮೊದಲು ಅವರಿಗಿದ್ದದ್ದು ಮೈಸೂರಿನಲ್ಲಿ ತಯಾರಾದ ಒಂದು ಯೆಜ್ಡಿ ಬೈಕು ಮಾತ್ರ. ಕಾರಿಗೆ ಕೆಎ 38 ಎಂಬ ಬೀದರಿನ ನೋಂದಣಿ. 2012ರಲ್ಲಿ ಅಪ್ಪ ತೀರಿಕೊಂಡರು. ಕಾರು ನಮ್ಮ ಹೆಸರಿಗೆ ಬಂತು. ಮೋಟಾರು ವಾಹನ ಕಾಯಿದೆಯ ಪ್ರಕಾರ ಬೇರೆ ರಾಜ್ಯದ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ಸಂಖ್ಯೆ ಪಡೆಯಬೇಕು. ಹಾಗಾಗಿ ಅದು ಎಪಿ 29 ಆಯಿತು. ಎರಡು ವರ್ಷಕ್ಕೆ ರಾಜ್ಯವೇ ಎರಡಾಯಿತು. ಉಪ್ಪಲ್ ಎಲ್ಲಿಗೂ ಹೋಗಲಿಲ್ಲ, ನಾವೂ ಹೋಗಲಿಲ್ಲ. ಆದರೆ ನಮ್ಮ ಬೀದಿಗೆ ಬಂದ ಹೊಸ ಕಾರುಗಳೆಲ್ಲ ಟಿಎಸ್ 08 ಎಂದು ಬರೆದುಕೊಂಡು ಬಂದವು. 2024ರ ಮಾರ್ಚಿನಿಂದ ಅದೂ ಬದಲಾಗಿ ಟಿಜಿ ಆಯಿತು. ಬೀದರಿನಲ್ಲಿ ಹುಟ್ಟಿ, ಆಂಧ್ರದ ಅಕ್ಷರ ಹೊತ್ತು, ತೆಲಂಗಾಣದ ರಸ್ತೆಯಲ್ಲಿ ಸವೆದ ಆ ನೀಲಿ ಕಾರಿನ ಚರಿತ್ರೆಯಲ್ಲಿ ನಮ್ಮಂಥ ಅನೇಕರ ಚರಿತ್ರೆಯೂ ಇದೆ ಎಂದು ಕಾಚಿಗುಡಾದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಗೆಳೆಯರೊಂದಿಗೆ ನಗುತ್ತಿದ್ದುದುಂಟು. ಬೀದರು ಕೂಡ 1956ರವರೆಗೆ ಇದೇ ಹೈದರಾಬಾದು ರಾಜ್ಯದ ಜಿಲ್ಲೆಯಾಗಿತ್ತಲ್ಲ.

ಅಷ್ಟು ಹಳೆಯ ಕಾರಿಗೆ ವಿಮೆಯವರು ಒಪ್ಪಿದ ಮೌಲ್ಯ 1,10,000 ರೂಪಾಯಿ. ಗ್ಯಾರೇಜಿನವರು ಕೊಟ್ಟ ದುರಸ್ತಿಯ ಅಂದಾಜು 1,85,000. ದುರಸ್ತಿಯ ಖರ್ಚು ವಿಮಾ ಮೌಲ್ಯದ ನೂರಕ್ಕೆ 75ನ್ನು ಮೀರಿದರೆ ವಾಹನವನ್ನು ಸಂಪೂರ್ಣ ನಷ್ಟವೆಂದು ಬಗೆಯುವುದು ಪದ್ಧತಿ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಇನ್ನೊಂದು ವರ್ಷ ಕಳೆದಿದ್ದರೆ ಹದಿನೈದು ತುಂಬಿ ನೋಂದಣಿಯ ನವೀಕರಣಕ್ಕೆ ಅಲೆಯಬೇಕಾಗುತ್ತಿತ್ತು, ಅದೊಂದು ತಪ್ಪಿತು ಎಂದು ಸಮಾಧಾನ ಹೇಳಿದವರೂ ಇದ್ದರು. ತಪ್ಪು ಯಾರದ್ದೇ ಆಗಲಿ, ಪರಿಹಾರ ಕೇಳಿದ ಮೇಲೆ ವರ್ಷಗಳಿಂದ ಕೂಡಿಬಂದಿದ್ದ ನೋ ಕ್ಲೇಮ್ ಬೋನಸ್ಸು ಸೊನ್ನೆಗಿಳಿಯಿತು.

ಗುಜರಿಯವರು ಕಾರನ್ನು ಒಯ್ಯುವ ಮುನ್ನ ಅದರೊಳಗಿನ ಸಾಮಾನು ತೆಗೆದುಕೊಳ್ಳಲು ಗ್ಯಾರೇಜಿಗೆ ಹೋದೆವು. ಒಂದು ಕೊಡೆ, ಅವ್ವನ ಮಾತ್ರೆಯ ಖಾಲಿ ಪಟ್ಟಿಗಳು, ಗಾಜು ಒರೆಸುವ ಬಟ್ಟೆ, ನಾಲ್ಕಾರು ಟೋಲ್ ಚೀಟಿ. ಸ್ಟೆಪ್ನಿಯ ಕೆಳಗೆ ಗೋಣಿತಟ್ಟಿನಲ್ಲಿ ಸುತ್ತಿದ ಏನೋ ಒಂದು ಸಿಕ್ಕಿತು. ಬಿಚ್ಚಿದರೆ, 2012ರಲ್ಲಿ ನಾವೇ ಕಳಚಿಸಿದ್ದ ಕೆಎ 38ರ ಫಲಕ. ಎಸೆದೆವೆಂದೇ ಇಬ್ಬರೂ ತಿಳಿದಿದ್ದೆವು. ಯಾರು ಅದನ್ನು ಅಲ್ಲಿಟ್ಟರು ಎಂದು ಒಬ್ಬರನ್ನೊಬ್ಬರು ಕೇಳಿದೆವು, ಇಬ್ಬರಿಗೂ ನೆನಪಿರಲಿಲ್ಲ. ಹನ್ನೆರಡು ವರ್ಷ ಅದರ ಮೇಲೆಯೇ ಓಡಾಡಿದ್ದೆವು. ಆ ಫಲಕವನ್ನು ಚೀಲಕ್ಕೆ ಹಾಕಿಕೊಂಡು ಉಪ್ಪಲ್‌ಗೆ ಮೆಟ್ರೋದಲ್ಲಿ ಹಿಂತಿರುಗಿದೆವು. ತಪಾಸಣೆಯ ಯಂತ್ರದಲ್ಲಿ ಅದು ಕಾಣಿಸಿದಾಗ ಕಾವಲಿನವರು ನಕ್ಕು ಬಿಟ್ಟುಕೊಟ್ಟರು.

*

ಮುಂದೆ ಏನು ಕೊಳ್ಳಬೇಕು ಎಂಬುದರಲ್ಲಿ ಸಂದೇಹಕ್ಕೆ ಎಡೆಯೇ ಇರಲಿಲ್ಲ, ಅಥವಾ ಇರಬಾರದಿತ್ತು. ಎತ್ತರದ ಸೀಟು, ಅಗಲವಾಗಿ ತೆರೆಯುವ ನಾಲ್ಕು ಬಾಗಿಲು, ಎಲ್ಲೆಡೆ ಸಿಗುವ ಬಿಡಿಭಾಗ, ಕಡಮೆ ಪೆಟ್ರೋಲು. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ತಂಪುಪೆಟ್ಟಿಗೆಯ ಬಾಗಿಲಿಗೆ ಅಂಟಿಸಿದೆವು. ಆ ಹಾಳೆ ಅಲ್ಲಿ ಅಂಟಿಕೊಂಡಿದ್ದಾಗಲೇ ನಾವು ಅದಕ್ಕೆ ಪೂರಾ ವಿರುದ್ಧವಾದ ಕಾರನ್ನು ಕೊಂಡೆವು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಕಾರಣಗಳನ್ನು ಆಮೇಲೆ ಹುಡುಕಿಕೊಳ್ಳುವುದು ಸುಲಭ. ನಮ್ಮಲ್ಲಿ ಒಬ್ಬರು ಬೆಳೆದದ್ದು ಬೀದರಿನಲ್ಲಿ, ವಾಯುಪಡೆಯ ಕಿರಣ್ ತರಬೇತಿ ವಿಮಾನಗಳ ಕೆಳಗೆ. ಶಾಲೆಯ ಪಾಠದ ನಡುವೆ ಆಕಾಶ ಹರಿದಂತೆ ಸದ್ದಾಗುತ್ತಿತ್ತು. ಮೇಷ್ಟ್ರು ಸುಣ್ಣದ ಕಡ್ಡಿ ಹಿಡಿದು ಸದ್ದು ಮುಗಿಯುವವರೆಗೆ ಕಾಯುತ್ತಿದ್ದರು. ಇನ್ನೊಬ್ಬರಿಗೆ ವೇಗದ ಹುಚ್ಚಿಲ್ಲ, ಆದರೆ ಬದುಕೆಲ್ಲ ಬುದ್ಧಿವಂತಿಕೆಯ ವಸ್ತುಗಳನ್ನೇ ಕೊಂಡು ಬೇಸತ್ತಿತ್ತು. ಮಕ್ಕಳು ದೂರದ ಊರು ಸೇರಿದ್ದರು. ಐವತ್ತು ದಾಟಿತ್ತು. ಇವೆಲ್ಲಕ್ಕಿಂತ ಮುಖ್ಯವಾಗಿ, ಗೇಣುದ್ದಕ್ಕೆ ಇಳಿದ ಆ ಹಿಂದಿನ ಸೀಟು ರಾತ್ರಿ ಕಣ್ಣಿಗೆ ಬರುತ್ತಿತ್ತು. ಮತ್ತೆ ಅದೇ ಬಗೆಯ, ಅದೇ ನೀಲಿಯ, ಅದೇ ಎತ್ತರದ ಕಾರಿನಲ್ಲಿ ಕೂರುವುದು ಇಬ್ಬರಿಗೂ ಬೇಡವಾಗಿತ್ತು. ಇದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ವಿವೇಕದ ಕಾರುಗಳನ್ನು ಒಂದೊಂದಾಗಿ ನೋಡಿ, ಒಂದೊಂದಕ್ಕೂ ಏನಾದರೊಂದು ಕೊರತೆ ಹುಡುಕುತ್ತ ಬಂದೆವು.

ನಾವು ಕೊಂಡದ್ದು ಫೋಕ್ಸ್‌ವ್ಯಾಗನ್ ಪೋಲೋ ಜಿಟಿಐ. ಪೋಲೋ ಎಂದರೆ ಎಲ್ಲರಿಗೂ ಗೊತ್ತು. ಪುಣೆಯ ಪಕ್ಕದ ಚಾಕಣದಲ್ಲಿ ತಯಾರಾಗಿ ಹತ್ತು ಹನ್ನೆರಡು ವರ್ಷ ನಮ್ಮ ಬೀದಿಗಳಲ್ಲಿ ತುಂಬಿದ್ದ ಕಾರು. ಜಿಟಿಐ ಎಂಬುದು ಅದರ ಕಾಡು ತಮ್ಮ. 2016ರ ನವೆಂಬರಿನಲ್ಲಿ ಪೂರ್ತಿ ಕಟ್ಟಿದ ಸ್ಥಿತಿಯಲ್ಲೇ ಪರದೇಶದಿಂದ ತರಿಸಿ, ಕೇವಲ 99 ಕಾರುಗಳನ್ನು ಮಾರುವುದಾಗಿ ಕಂಪನಿ ಹೇಳಿತ್ತು. ಬೆಲೆ 25.99 ಲಕ್ಷ. 1.8 ಲೀಟರಿನ ಟರ್ಬೋ ಎಂಜಿನ್ನು, 192 ಅಶ್ವಶಕ್ತಿ. ಅಪ್ಪನ ವ್ಯಾಗನ್ ಆರ್‌ಗೆ ಇದ್ದದ್ದು 68. ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟಲು ಇದಕ್ಕೆ 7.2 ಸೆಕೆಂಡು ಸಾಕು. ಸೀಟಿಗೆ ಕೆಂಪು, ಕಪ್ಪು, ಬೂದಿ ಬಣ್ಣದ ಚೌಕಳಿ ಬಟ್ಟೆ. ಮೊದಲ ಗಾಲ್ಫ್ ಜಿಟಿಐ 1976ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಸೀಟಿಗೆ ಈ ಚೌಕಳಿಯನ್ನು ಆರಿಸಿದವರು ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಎಂಬ ವಿನ್ಯಾಸಕಿ. ಗಂಡಸರ ಆಟಿಕೆಯೆಂದು ಬಗೆಯುವ ಈ ಕಾರಿನ ಗುರುತೇ ಆಗಿಹೋದ ವಸ್ತು ಒಬ್ಬ ಹೆಂಗಸಿನ ಆಯ್ಕೆ ಎಂಬುದು ನಮ್ಮಲ್ಲಿ ಒಬ್ಬರ ಮನಸ್ಸನ್ನು ಗೆದ್ದ ಸಂಗತಿ.

ಪರದೇಶದ ಹಳೆಯ ಕಾರು ಎಂದಾಗ ಜನ ಹಡಗಿನಲ್ಲಿ ಬಂದ ಸೆಕೆಂಡ್‌ಹ್ಯಾಂಡ್ ಕಾರನ್ನು ಕಲ್ಪಿಸಿಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ಅದು ಸಾಮಾನ್ಯರಿಗೆ ಎಟಕುವುದಲ್ಲ. ಬಳಸಿದ ಕಾರನ್ನು ಹೊರಗಿನಿಂದ ತರಿಸಬೇಕಾದರೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಬಲಗಡೆಯ ಸ್ಟಿಯರಿಂಗ್ ಇರಬೇಕು, ಸುಂಕವೇ ಬೆಲೆಗಿಂತ ಹೆಚ್ಚಾಗುತ್ತದೆ. ಆದ್ದರಿಂದ ಇಲ್ಲಿ ಹಳೆಯ ಇಂಪೋರ್ಟೆಡ್ ಕಾರೆಂದರೆ, ಹೊಸದಾಗಿ ಬಂದು, ಯಾರೋ ಸಿರಿವಂತರ ಕೈಯಲ್ಲಿ ಸುಂಕವನ್ನೂ ಸವಕಳಿಯನ್ನೂ ತೀರಿಸಿ, ಆಮೇಲೆ ನಮ್ಮಂಥವರಿಗೆ ಇಳಿದು ಬಂದದ್ದು.

ಹಾಗೆ ನೋಡಿದರೆ ಈ ಊರಿಗೆ ಪರದೇಶದ ಕಾರು ಹೊಸತಲ್ಲ. ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ 1912ರ ಹಳದಿ ರೋಲ್ಸ್‌ರಾಯ್ಸ್ ಇದೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಅದನ್ನು ಬಯಸಿ ತರಿಸಿದರು. ಅದು ಬರುವ ಮೊದಲೇ, 1911ರಲ್ಲಿ, ಕಾಲವಾದರು. ಹಿಂಬದಿಯಲ್ಲಿ ಸಿಂಹಾಸನದಂಥ ಆಸನವಿರುವ ಆ ಕಾರು ಮೆರವಣಿಗೆಗೆ ಬಿಟ್ಟರೆ ಓಡಿದ್ದೇ ಕಡಮೆ, ಕೆಲವು ನೂರು ಮೈಲಿ ಮಾತ್ರ. ಮಕ್ಕಳನ್ನು ಕರೆದುಕೊಂಡು ಎಷ್ಟೋ ಸಲ ಅದರ ಮುಂದೆ ನಿಂತದ್ದುಂಟು. ಬಯಸಿದ್ದು ಕೈಗೆ ಬರುವ ಹೊತ್ತಿಗೆ ಬಯಸಿದವರು ಇರುವುದಿಲ್ಲ ಎಂಬ ಸಾಮಾನ್ಯ ಸತ್ಯವನ್ನು ಈ ಸಲ ನಾವು ನಮ್ಮ ಅನುಕೂಲಕ್ಕೆ ತಿರುಗಿಸಿಕೊಂಡೆವು.

*

ಕಾರು ಇದ್ದದ್ದು ಬೆಂಗಳೂರಿನಲ್ಲಿ. ಮಾರುತ್ತಿದ್ದ ಯುವಕ ಅದನ್ನು ಹೂವಿನಂತೆ ನೋಡಿಕೊಂಡಿದ್ದರು. ಸರ್ವೀಸಿನ ಪ್ರತಿಯೊಂದು ಚೀಟಿಯೂ ಕಡತದಲ್ಲಿತ್ತು. ಜೊತೆಗೆ ಕರೆದೊಯ್ದಿದ್ದ ಮೆಕ್ಯಾನಿಕ್ಕರು ಬಣ್ಣದ ದಪ್ಪ ಅಳೆದರು, ಗೇರ್‌ಬಾಕ್ಸಿನ ದೋಷಸಂಕೇತಗಳನ್ನು ಯಂತ್ರ ಹಾಕಿ ಓದಿದರು, ಟೈರಿನ ಪಕ್ಕದ ನಾಲ್ಕಂಕಿಯನ್ನು ತೋರಿಸಿ, ಮೊದಲೆರಡು ವಾರ, ಕೊನೆಯೆರಡು ವರ್ಷ ಎಂದು ನಮಗೆ ಓದಲು ಕಲಿಸಿದರು. ಎಂಜಿನ್ನು ಇಲ್ಲಿ ಮಾರಾಟವಾಗಿದ್ದ ಸ್ಕೋಡಾ ಆಕ್ಟೇವಿಯಾದ ಎಂಜಿನ್ನಿನ ಬಂಧುವೇ ಆದ್ದರಿಂದ ಬಿಡಿಭಾಗಗಳಿಗೆ ತೀರ ಪರದಾಡಬೇಕಾಗಿಲ್ಲ, ಮೈಗೆ ಪೆಟ್ಟಾದರೆ ಮಾತ್ರ ಗಾಜು, ಬಾಗಿಲು, ಬಂಪರಿಗೆ ತಿಂಗಳುಗಟ್ಟಲೆ ಕಾಯಬೇಕಾದೀತು ಎಂದರು.

“ಇಷ್ಟು ಇಷ್ಟಪಟ್ಟು ಇಟ್ಟುಕೊಂಡು ಯಾಕೆ ಮಾರ್ತಿದ್ದೀರಿ?” ಎಂದು ಕೇಳಿದೆವು.

“ಮಗು ಹುಟ್ಟಿತು ಸರ್. ಹಿಂದಕ್ಕೆ ಬಾಗಿಲಿಲ್ಲವಲ್ಲ, ಕೂರಿಸೋದು ಇಳಿಸೋದು ತುಂಬಾ ಕಷ್ಟ,” ಎಂದರು ಆತ.

ಈ ಮಾತು ನಮ್ಮಿಬ್ಬರ ಕಿವಿಗೂ ಬಿತ್ತು. ಕಾರಿಗೆ ಇರುವುದು ಎಡಕ್ಕೊಂದು, ಬಲಕ್ಕೊಂದು ಬಾಗಿಲು; ಡಿಕ್ಕಿಯದನ್ನೂ ಸೇರಿಸಿ ಮೂರು. ಹಿಂದೆ ಕೂರಬೇಕಾದವರು ಮುಂದಿನ ಸೀಟನ್ನು ಬಾಗಿಸಿ, ಮೈ ಮುದುಡಿಕೊಂಡು ನುಸುಳಬೇಕು. ನಮ್ಮ ಮಕ್ಕಳು ದೊಡ್ಡವರಾಗಿದ್ದಾರೆ ಎಂದು ನಾವು ಹೇಳಿದೆವು. ಬೀದರಿನಲ್ಲಿ ಎಪ್ಪತ್ತೆಂಟು ವರ್ಷದ ಅವ್ವ ಇದ್ದಾರೆ ಎಂದು ಇಬ್ಬರಲ್ಲಿ ಯಾರೂ ಹೇಳಲಿಲ್ಲ. ವಿಮೆಯ ಹಣವನ್ನೂ ಉಳಿತಾಯವನ್ನೂ ಕೂಡಿಸಿ 12 ಲಕ್ಷ ಕೊಟ್ಟು, 29, 30ನೆಯ ನಮೂನೆಗಳಿಗೆ ಸಹಿ ಹಾಕಿ, ಅಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರವೂ ಕೈಸೇರಿದ ಮೇಲೆ ಅನಂತಪುರ, ಕರ್ನೂಲಿನ ದಾರಿಯಾಗಿ ಕಾರನ್ನು ಉಪ್ಪಲ್‌ಗೆ ಓಡಿಸಿಕೊಂಡು ಬಂದೆವು.

ಅವ್ವನಿಗೆ, ಕಾರು ತಗೊಂಡೆವು, ಪೋಲೋ ಅಂತ, ಎಂದಷ್ಟೇ ಹೇಳಿದೆವು.

*

ಕಾಗದಪತ್ರ ಮುಗಿಯುವವರೆಗೆ ಕಾರಿನ ಮೇಲೆ ಬೆಂಗಳೂರಿನ ಕೆಎ ಫಲಕವೇ ಇತ್ತು. ಆ ಏಳೆಂಟು ವಾರಗಳಲ್ಲಿ ಉಪ್ಪಲ್‌ನಲ್ಲಿ ಇಷ್ಟು ಜನ ಕನ್ನಡಿಗರಿದ್ದಾರೆ ಎಂಬುದು ನಮಗೆ ಮೊದಲ ಸಲ ತಿಳಿಯಿತು. ಹಬ್ಸಿಗುಡದ ಸಿಗ್ನಲ್ಲಿನಲ್ಲಿ ಸ್ಕೂಟರಿನ ಮೇಲಿದ್ದವರೊಬ್ಬರು “ಬೆಂಗ್ಳೂರಾ?” ಎಂದು ಕೇಳಿ, ಹಸಿರು ದೀಪ ಬಂದದ್ದರಿಂದ ಉತ್ತರಕ್ಕೆ ಕಾಯದೆ ಹೋದರು. ಕ್ರಿಕೆಟ್ ಸ್ಟೇಡಿಯಮ್ಮಿನ ಬಳಿ ಎಳನೀರು ಮಾರುವವರು ಕನ್ನಡದಲ್ಲೇ ಲೆಕ್ಕ ಹೇಳಿದರು. ನಾವು ವರ್ಷಗಳಿಂದ ಪೆಟ್ರೋಲು ಹಾಕಿಸುತ್ತಿದ್ದ ಬಂಕಿನಲ್ಲಿ, ಎಷ್ಟೋ ಸಲ ನಮ್ಮೊಂದಿಗೆ ತೆಲುಗಿನಲ್ಲಿ ಮಾತಾಡಿದ್ದ ಹುಡುಗನೇ ಫಲಕ ನೋಡಿ, “ಯಾವೂರ್ರೀ ಸರ ನಿಮ್ದು? ನಮ್ದು ದೇವದುರ್ಗ” ಎಂದ. ಅವನ ತೆಲುಗು, ನಮ್ಮ ತೆಲುಗು ಎರಡೂ ಅಷ್ಟು ಚೆನ್ನಾಗಿದ್ದುದರಿಂದ ನಾವು ಒಬ್ಬರಿಗೊಬ್ಬರು ಅಡಗಿ ಉಳಿದಿದ್ದೆವು. ಅಪ್ಪನ ಕಾರು ಕೆಎ 38 ಆಗಿಯೇ ಉಳಿದಿದ್ದರೆ ಈ ಹುಡುಗನ ಊರು ನಮಗೆ ಎಂದೋ ಗೊತ್ತಾಗುತ್ತಿತ್ತು.

ನಡುವೆ ಅವ್ವನ ತಪಾಸಣೆಯ ದಿನ ಹತ್ತಿರ ಬಂತು. ಬಾಡಿಗೆ ಕಾರಿನಲ್ಲಿ ಕರೆತರೋಣ ಎಂದು ಒಬ್ಬರು. ಹಾಗೆ ಮಾಡಿದರೆ ಈ ಕಾರು ಕೊಂಡದ್ದು ತಪ್ಪೆಂದು ನಾವೇ ಸಾರಿದಂತೆ ಎಂದು ಇನ್ನೊಬ್ಬರು. ಹಲವು ವರ್ಷಗಳಲ್ಲಿ ಆಡದಿದ್ದ ಒರಟು ಮಾತುಗಳನ್ನು ಅಂದು ರಾತ್ರಿ ಆಡಿದೆವು. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರು ಎಂಬ ಮಾತೂ ಬಂತು. ಸತ್ತವರನ್ನು ಸಾಕ್ಷಿಗೆ ಕರೆಯುವುದು ಜಗಳದಲ್ಲಿ ಕೊನೆಯ ಅಸ್ತ್ರ; ಅದನ್ನು ಬಿಟ್ಟ ಮೇಲೆ ಇಬ್ಬರೂ ಸುಮ್ಮನಾದೆವು. ಬೆಳಗ್ಗೆ ಎರಡು ದಪ್ಪ ದಿಂಬು ತೆಗೆದುಕೊಂಡು ಪೋಲೋದಲ್ಲೇ ಹೊರಟೆವು. ಘಟಕೇಸರದಲ್ಲಿ ಹೊರವರ್ತುಲ ರಸ್ತೆ ಹಿಡಿದು, ಪಟಾನ್‌ಚೆರುವಿನ ಕಡೆ ಇಳಿದು, ಸಂಗಾರೆಡ್ಡಿ, ಸದಾಶಿವಪೇಟೆ, ಜಹೀರಾಬಾದು. ಅಲ್ಲಿಂದ ಬಲಕ್ಕೆ ಹೊರಳಿದರೆ ಮಣ್ಣು ಕೆಂಪಾಗುತ್ತ ಹೋಗಿ ಬೀದರು.

ಚೌಬಾರದ ಹತ್ತಿರದ ಮನೆಯ ಮುಂದೆ ಅವ್ವ ಚೀಲ ಹಿಡಿದುಕೊಂಡು ಸಿದ್ಧರಾಗಿ ನಿಂತಿದ್ದರು. ಕಾರಿನ ಸುತ್ತ ಒಂದು ಸುತ್ತು ಬಂದರು.

“ಹಿಂದಿನ ಬಾಗಲಾ ಎಲ್ಲದ?”

ಇಲ್ಲ ಎಂದೆವು.

“ಇಲ್ಲಂದ್ರ? ಮಾಡೋದು ಮರ್ತಾರೇನು?”

ಹಾಗೆಯೇ ಮಾಡುವುದು ಎಂದು ವಿವರಿಸಲು ಹೊರಟೆವು. ಅವ್ವ ನಮ್ಮ ಮುಖ ನೋಡಿದರು. ನಾವು ತಿಳಿದೂ ತಿಳಿದೂ ಇದನ್ನು ಕೊಂಡಿದ್ದೇವೆ ಎಂಬುದು ಅವರಿಗೆ ಆ ಗಳಿಗೆಯಲ್ಲೇ ಅರ್ಥವಾಯಿತೆಂದು ನಮ್ಮ ನಂಬಿಕೆ. ಏನೂ ಅನ್ನಲಿಲ್ಲ. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಮುಂದಿನ ಎಡ ಸೀಟಿನ ಮೇಲೆ ದಿಂಬು ಹಾಕಿ, ಬಾಗಿಲು ಪೂರ್ತಿ ತೆರೆದು, ಮೊದಲು ಕೂರಿಸಿ ಆಮೇಲೆ ಎರಡು ಕಾಲನ್ನೂ ಎತ್ತಿ ಒಳಗಿಟ್ಟೆವು. ಚೌಕಳಿ ಬಟ್ಟೆಯ ಮೇಲೆ ಕೈಯಾಡಿಸಿ, “ಛಲೋ ಅದ, ಕೌದಿ ಇದ್ದಂಗ ಅದ” ಎಂದರು. ಹೊರಡುವಾಗ ಸಾಮಾನ್ಯವಾಗಿ ಮುಂದೆ ಕೂರುತ್ತಿದ್ದವರು ಹಿಂದೆ ನುಸುಳಿ, ಮಂಡಿಯನ್ನು ಎದೆಗೆ ಆನಿಸಿಕೊಂಡು ಕುಳಿತರು.

ಊರು ದಾಟುವವರೆಗೆ ಯಾರೂ ಮಾತಾಡಲಿಲ್ಲ. ಕಾರು ಗಟ್ಟಿ, ರಸ್ತೆಯ ಒಂದೊಂದು ಹರಳನ್ನೂ ಬೆನ್ನಿಗೆ ತಿಳಿಸುತ್ತದೆ. ಉಬ್ಬುಗಳ ಬಳಿ ಎತ್ತಿನ ಗಾಡಿಯಂತೆ ಓರೆಯಾಗಿ ಹತ್ತಿಸಿ ಇಳಿಸಿದೆವು. ನಾಲ್ಕೈದು ಮೈಲಿಗೊಮ್ಮೆ “ನೋವಾಗ್ತದೇನವ್ವ?” ಎಂದು ಕೇಳಿದೆವು. ಜಹೀರಾಬಾದಿನ ಕಬ್ಬಿನ ಹೊಲಗಳ ನಡುವೆ ಅವ್ವ ತಾವಾಗಿಯೇ ಬಾಯಿಬಿಟ್ಟರು.

“ಇಷ್ಟು ವರ್ಷ ಹಿಂದ ಹೋಗೋ ಗಿಡಾನೇ ನೋಡೀನಿ. ಮುಂದ ಬರೋ ಗಿಡ ಇವತ್ತೇ ನೋಡ್ಲತ್ತೀನಿ.”

ಆಮೇಲೆ ಮಾತು ನಿಲ್ಲಲೇ ಇಲ್ಲ. ಆ ಹೊಲ ಯಾರದ್ದಿರಬೇಕು, ಈ ಲಾರಿಯವನಿಗೆ ದಾರಿ ಯಾಕೆ ಬಿಡಬೇಕು, ಅಪ್ಪನ ಯೆಜ್ಡಿಯ ಹಿಂದೆ ಕುಳಿತು ಹುಮನಾಬಾದಿನ ಜಾತ್ರೆಗೆ ಹೋಗುವಾಗ ಸೆರಗು ಚಕ್ರಕ್ಕೆ ಸಿಕ್ಕಿ ಹರಿದದ್ದು, ಅಪ್ಪ ಅದನ್ನು ಯಾರಿಗೂ ಹೇಳಬೇಡ ಎಂದದ್ದು. ನಾವು ಇದಾವುದನ್ನೂ ಕೇಳಿರಲಿಲ್ಲ. ನೀಲಿ ಕಾರಿನಲ್ಲಿ ಅವ್ವ ಬೀದರಿನಿಂದ ಉಪ್ಪಲ್‌ವರೆಗೆ ಹತ್ತು ಮಾತು ಆಡಿದರೆ ಹೆಚ್ಚು. ಪ್ರಯಾಣದಲ್ಲಿ ಮೌನವಾಗಿರುವುದು ಅವರ ಸ್ವಭಾವ, ದಣಿವು, ವಯಸ್ಸು ಎಂದು ನಾವೇ ತೀರ್ಮಾನಿಸಿಕೊಂಡಿದ್ದೆವು.

ಹಿಂದೆ ಮುದುಡಿ ಕುಳಿತವರಿಗೆ ಆ ಹೊತ್ತಿಗೆ ಬೇರೆಯೇ ಸಂಗತಿ ಹೊಳೆದಿತ್ತು. ಅಲ್ಲಿಂದ ಮುಂದಿನವರ ಮಾತು ಅರ್ಧಕ್ಕರ್ಧ ಕೇಳಿಸುತ್ತಿರಲಿಲ್ಲ. ಗಾಳಿ, ಟೈರು, ಎಂಜಿನ್ನುಗಳ ಸದ್ದಿನಲ್ಲಿ ಕೊನೆಯ ಪದಗಳು ಮುಳುಗಿಹೋಗುತ್ತಿದ್ದವು. ಎರಡು ಸಲ ‘ಏನು?’ ಎಂದು ಕೇಳಿ, ಮೂರನೆಯ ಸಲ ಕೇಳಲು ಸಂಕೋಚವಾಗಿ ಕಿಟಕಿಯ ಕಡೆ ತಿರುಗಬೇಕಾಯಿತು. ಸದಾಶಿವಪೇಟೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅದನ್ನು ಹೇಳಿದರೆ ಅವ್ವ ನಕ್ಕರು.

“ಮತ್ತ? ಹಿಂದ ಕುಂತ್ರ ನಿಮ್ಮ ಮಾತು ನನಗೇನ್ ಕೇಳಸ್ತಿತ್ತು? ಎಷ್ಟು ಸಲ ‘ಏನು’ ‘ಏನು’ ಅನ್ಬೇಕು? ಸುಮ್ನಾದೆ.”

ಹನ್ನೆರಡು ವರ್ಷ, ವರ್ಷಕ್ಕೆ ನಾಲ್ಕು ಸಲ, ಹೋಗಿಬರುವ ನಾಲ್ಕು ನಾಲ್ಕು ತಾಸು. ಲೆಕ್ಕ ಹಾಕಲು ಹೊರಟು ಬಿಟ್ಟೆವು. ನಾಲ್ಕು ಬಾಗಿಲ, ಎತ್ತರದ ಸೀಟಿನ, ಎಲ್ಲ ಬಗೆಯಲ್ಲೂ ಅವ್ವನಿಗೆ ಅನುಕೂಲವಾದ ಕಾರಿನಲ್ಲಿ ನಾವು ಅವರನ್ನು ಜೋಪಾನವಾಗಿ ಹಿಂದೆ ಕೂರಿಸಿ, ಮುಂದೆ ನಾವಿಬ್ಬರೇ ಮಾತಾಡುತ್ತ ಬಂದಿದ್ದೆವು. ಹಿರಿಯರನ್ನು ಹಿಂದೆ ಕೂರಿಸುವುದು ಗೌರವವೆಂದು ನಮಗೆ ಯಾರು ಹೇಳಿಕೊಟ್ಟರೋ ತಿಳಿಯದು. ಮುಂದೆ ಕೂರುತ್ತೀರಾ ಎಂದು ಒಮ್ಮೆಯಾದರೂ ಕೇಳಬಹುದಾಗಿತ್ತು. ಅದಕ್ಕೆ ಇಷ್ಟು ಅಶ್ವಶಕ್ತಿಯ ಕಾರು ಬೇಕಾಗಿರಲಿಲ್ಲ.

ಹೊರವರ್ತುಲ ರಸ್ತೆಯಲ್ಲಿ 120 ಕಿಲೋಮೀಟರ್ ವೇಗಕ್ಕೆ ಅನುಮತಿಯಿದೆ. ಅವ್ವ ಇದ್ದಾರೆಂದು ಎಂಬತ್ತರಲ್ಲಿ ಹೋಗುತ್ತಿದ್ದೆವು. ಪಕ್ಕದಿಂದ ಒಂದು ಹಳೆಯ ಜೀಪು ನಮ್ಮನ್ನು ದಾಟಿ ಹೋದಾಗ ಅವ್ವ ಅದನ್ನೇ ನೋಡುತ್ತ, “ಇದು ಇಷ್ಟೇ ಓಡ್ತದೇನು?” ಎಂದರು. ಸ್ವಲ್ಪ ಒತ್ತಿದೆವು. ಕಾರು ತಗ್ಗಿ ಮುಂದಕ್ಕೆ ಸರಿಯಿತು. ಅವ್ವ ಬಾಗಿಲಿನ ಹಿಡಿ ಹಿಡಿದುಕೊಂಡರು, ಸಾಕು ಎನ್ನಲಿಲ್ಲ. ಜೀಪು ಕನ್ನಡಿಯಲ್ಲಿ ಚಿಕ್ಕದಾಯಿತು.

ಮನೆಗೆ ಬಂದು ಇಳಿಸುವಾಗ ಮಂಡಿ ಹಿಡಿದುಕೊಂಡಿತ್ತು. ಎರಡು ದಿನ ಎಣ್ಣೆ ಹಚ್ಚಬೇಕಾಯಿತು. ಅದನ್ನು ಇಲ್ಲಿ ಮರೆಮಾಚುವುದು ಸರಿಯಲ್ಲ. ಮುದುಕರಿಗೆ ಈ ಕಾರು ಹೇಳಿಸಿದ್ದಲ್ಲ, ಯಾರೂ ನಮ್ಮನ್ನು ಅನುಸರಿಸಬಾರದು. ಯಾವ ಸೀಟು ಕ್ಷೇಮ ಎಂಬುದನ್ನೂ ನಾವು ಹೇಳಲಾರೆವು. ಅದು ಲಾರಿ ಯಾವ ದಿಕ್ಕಿನಿಂದ ಬರುತ್ತದೆ ಎಂಬುದನ್ನು ಅವಲಂಬಿಸಿದೆ. ಮುಂದಿನ ತಪಾಸಣೆಗೆ ಬಾಡಿಗೆ ಕಾರು ಕಳಿಸಲೇ ಎಂದು ಕೇಳಿದಾಗ ಅವ್ವ, “ಯಾಕ, ಅದು ಕೆಟ್ಟದೇನು?” ಎಂದರು. ಈಗ ದಿಂಬಿನ ಬದಲು ಅಳತೆ ಕೊಟ್ಟು ಹೊಲಿಸಿದ ಗಟ್ಟಿ ಮೆತ್ತೆಯಿದೆ. ಜಹೀರಾಬಾದಿನಲ್ಲೂ ಸದಾಶಿವಪೇಟೆಯಲ್ಲೂ ಇಳಿಸಿ ಹತ್ತು ಹೆಜ್ಜೆ ನಡೆಸುತ್ತೇವೆ. ಹಿಂದಿನ ಸೀಟಿಗೆ ಹೋಗುವಾಗ ಒಬ್ಬರು, ಬರುವಾಗ ಇನ್ನೊಬ್ಬರು ಎಂದು ಸರದಿ ಹಾಕಿಕೊಂಡಿದ್ದೇವೆ.

ಆಜೀವ ತೆರಿಗೆ ಕಟ್ಟಿದ್ದಾಯಿತು. ಕೆಎ ಫಲಕ ಇಳಿದು ಟಿಜಿ 08 ಏರಿತು. ಸಿಗ್ನಲ್ಲಿನಲ್ಲಿ ಈಗ ಯಾರೂ ಊರು ಕೇಳುವುದಿಲ್ಲ. ದೇವದುರ್ಗದ ಹುಡುಗ ಮಾತ್ರ ಫಲಕ ನೋಡದೆಯೂ ಕನ್ನಡದಲ್ಲೇ ಮಾತಾಡಿಸುತ್ತಾನೆ. ಅಪ್ಪನ ಕೆಎ 38 ಇನ್ನೂ ಗೋಣಿತಟ್ಟಿನಲ್ಲೇ ಇದೆ. ಗೋಡೆಗೆ ಹಾಕೋಣವೆಂದುಕೊಂಡಿದ್ದೆವು. ಅವ್ವ ಬಂದಿದ್ದಾಗ ಅದನ್ನು ತೋರಿಸಿದರೆ, “ಗ್ವಾಡಿಗ್ಯಾಕ? ಕಾರಿನ್ಯಾಗೇ ಇಡ್ರಿ, ಅದು ಇರೋ ಜಾಗ ಅದೇ” ಎಂದರು. ಈಗ ಅದು ಪೋಲೋದ ಸ್ಟೆಪ್ನಿಯ ಕೆಳಗಿದೆ.